ಟವಲ್ಲಿನ ಕೆಳಗಿನ ಮಾತು

...ಇಲ್ಲ, ಅದು ಚನ್ನರಾಯಪಟ್ಟಣದ ದನದ ಸಂತೆಯೇ ಇರಬೇಕು. ಹೊಳೆನರಸೀಪುರದ್ದು ಎಂದು ಅತ್ತೆ ವಾದಿಸುತ್ತಾಳೆ. ಎತ್ತಿನ ಬಣ್ಣವೂ ನನ್ನ ನೆನಪಿನಲ್ಲಿ ವರ್ಷಕ್ಕೊಮ್ಮೆ ಬದಲಾಗುತ್ತದೆ! ನನ್ನ ಸೋದರಮಾವ ಮಾತ್ರ ಬದಲಾಗುವುದಿಲ್ಲ. ಬಾಯಿ ಇರುವುದು ಎಲೆಅಡಿಕೆಗೆ, ಮಾತಿಗೆ ಬೆರಳು ಸಾಕು ಎಂದು ನಂಬಿದ್ದ ಮಹಾನುಭಾವ ಆತ.

ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲವಲ್ಲ, ಟವಲ್ಲಿನ ಮರೆಯಲ್ಲಿ ಬೆರಳು ಹಿಡಿಯುತ್ತಾರೆ. ಬೆರಳಿಗೆ ಹತ್ತು ರೂಪಾಯಿ. ಮಾವ ಈ ಪದ್ಧತಿಯನ್ನು ಊಟಕ್ಕೂ ತಂದಿದ್ದ. ಅತ್ತೆಯ ಕೈಮೇಲೆ ಟವಲ್ ಹಾಕಿ ಎರಡು ಬೆರಳು ಹಿಡಿದರೆ ಎರಡು ಮುದ್ದೆ!

"ಬುಡಿ ಅತ್ಲಾಗೆ, ಮಕ್ಳು ನೋಡ್ತಾವೆ!" ಎಂದು ಅತ್ತೆ ಒಂದೇ ಬಡಿಸುತ್ತಿದ್ದಳು.

ಆ ವರ್ಷ ನಮ್ಮ ಎರಡೆತ್ತುಗಳಲ್ಲಿ ಒಂದು ಸತ್ತಿತು. ಉಳಿದದ್ದಕ್ಕೆ ಜೋಡಿ ಸಿಗದಿದ್ದರೆ ಮುಂಗಾರಿಗೆ ಉಳುಮೆಯಿಲ್ಲ. ಅಪ್ಪ ನನ್ನನ್ನು ಮಾವನ ಜೊತೆ ಕಳಿಸಿದರು. ಮಾವ ಒಂದು ಕಿವಿಮಾತನ್ನಾದರೂ ಹೇಳಿದನೇ? ಟವಲ್ ಕೊಟ್ಟು ದೂರ ಕೂತ.

ಮೊದಲ ವಾರ ಎತ್ತಿನ ಬೆನ್ನು ಸವರುತ್ತಲೇ ಬೆರಳು ಹಿಡಿದೆ. ಮಾರುವವನು ಬೆಲೆ ಏರಿಸುತ್ತಲೇ ಹೋದ.

"ಕೈಗೇನೋ ಟವಲ್ ಒದಿಸ್ದೆ, ಮಕಕ್ಕೆ?" ಎಂದ ಮಾವ.

ಮರುವಾರ ಕಲ್ಲಿನಂತೆ ನಿಂತೆ. ನನಗೆ ಬೇಡವೆಂದುಕೊಂಡು ಮಾರುವವನು ಅರಕಲಗೂಡಿನವರಿಗೆ ಎತ್ತು ಕೊಟ್ಟುಬಿಟ್ಟ!

"ಇದ್ಯಾಕ್ಲಾ, ಸಾವಿನ ಮನೆಗೆ ಬಂದೋನಂಗೆ ನಿಂತಿದ್ದೆ?"

ಮೂರನೆಯ ವಾರ ಇನ್ನೊಂದು ಎತ್ತಿನ ಕೊಂಬು ಸರಿಯಿಲ್ಲವೆಂದು ಕೊಂಕು ತೆಗೆದು, ಕೈಬಿಟ್ಟು ಹೊರಟೆ. ಮೂರು ಹೆಜ್ಜೆಗೆ ಮಾರುವವನೇ ಕೂಗಿದ. ಎತ್ತು ಸಿಕ್ಕಿತು.

"ಇದನ್ನೆಲ್ಲ ಮೊದಲೇ ಹೇಳಬಾರದಿತ್ತಾ ಮಾವ?"

"ಏಳಿದ್ರೆ ನೀನು ನನ್ ಮಕ ಒತ್ಕಂಡು ನಿಂತ್ಕತಿದ್ದೆ. ನಿಂಗೂ ಒಂದು ಮಕ ಬ್ಯಾಡ್ವೇನ್ಲಾ?"

"ಬೆಲೆ ಸರಿಯಾಯ್ತಾ?"

"ಎತ್ತು ನಡೀತಾ ಐತಲ್ಲ, ಓಗು."

ನಡೆಯಿತು. ಹನ್ನೊಂದು ಮುಂಗಾರು ನಮ್ಮ ಹೊಲ ಉತ್ತಿತು. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಮಾವನಿಗೆ ಲಕ್ವ ಹೊಡೆದು ಬಾಯಿ ನಿಂತುಹೋದಾಗ ಹಾಸನದ ಆಸ್ಪತ್ರೆಯಲ್ಲಿ ಮತ್ತೆ ಕೇಳಿದೆ: "ಈಗಲಾದರೂ ಹೇಳು ಮಾವ, ಆ ಎತ್ತನ್ನು ಸರಿಯಾದ ಬೆಲೆಗೆ ತಂದೆನಾ?"

ಆಡುತ್ತಿದ್ದ ಒಂದೇ ಕೈಯಿಂದ ತಲೆದಿಂಬಿನ ಮೇಲಿದ್ದ ಟವಲ್ ಎಳೆದು ನನ್ನ ಕೈಮೇಲೆ ಹಾಕಿದ. ಕೆಳಗೆ ನನ್ನ ಎರಡು ಬೆರಳು ಹಿಡಿದ. ಬಿಡಲೇ ಇಲ್ಲ.

"ಏನಂತಪ್ಪಾ?" ಎಂದಳು ಅತ್ತೆ.

"ಎರಡು ಮುದ್ದೆ ಬೇಕಂತೆ," ಎಂದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಆಚೆ ಹೋದಳು.

ಇನ್ನೂ ಇಪ್ಪತ್ತು ರೂಪಾಯಿ ಕಡಿಮೆಗೆ ಸಿಗುತ್ತಿತ್ತು ಎಂದನೋ, ನಿಜವಾಗಿ ಹಸಿದಿದ್ದನೋ, ಸುಮ್ಮನೆ ನನ್ನ ಕೈ ಹಿಡಿದುಕೊಂಡಿದ್ದನೋ, ನನಗೆ ಗೊತ್ತಿಲ್ಲ.