ಮಾಸ್ತರರು ಬದಲಿಸಿದ ಆಯಿಲ್

ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವವನು ಯಾರಿಗೂ ತಲೆಬಾಗಬೇಕಾಗಿಲ್ಲ. ಈ ಮಾತನ್ನು ಹೈಸ್ಕೂಲಿನಲ್ಲಿ ವಿಜ್ಞಾನದ ಜೊತೆಗೆ ಬಿಟ್ಟಿಯಾಗಿ ಹೇಳಿಕೊಡುತ್ತ ಬಂದವನು ನಾನು. ಕಳೆದ ಭಾನುವಾರ ನಮ್ಮ ಕಾರಿನ ಕೆಳಗೆ ಅಂಗಾತ ಮಲಗಿ ಎದ್ದ ಮೇಲೆ ತಿಳಿದದ್ದೇನೆಂದರೆ, ತಲೆಯ ಮಾತು ಹಾಗಿರಲಿ, ಸೊಂಟವಂತೂ ಬಾಗುವುದಿಲ್ಲ.

ಆಯಿಲ್ ಬದಲಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಕೆಳಗೊಂದು ಬೋಲ್ಟ್ ಇರುತ್ತದೆ, ಬಿಚ್ಚಬೇಕು. ಹಳೆಯದು ಇಳಿದ ಮೇಲೆ ಬೋಲ್ಟ್ ಬಿಗಿದು ಮೇಲಿನಿಂದ ಹೊಸದನ್ನು ಹೊಯ್ಯಬೇಕು. ಮೊಬೈಲಿನಲ್ಲಿ ಇದನ್ನು ಮಾಡಿ ತೋರಿಸಿದ ಮಹಾನುಭಾವನ ಬಿಳಿ ಅಂಗಿಗೆ ಒಂದು ಹನಿಯೂ ಸಿಡಿದಿರಲಿಲ್ಲ. ನಮ್ಮ ಹೊನ್ನಾವರದ ಗ್ಯಾರೇಜಿನವನೋ, ಯಾವಾಗ ಹೋದರೂ "ನಾಳೆ ಬನ್ನಿ ಮಾಸ್ತರೆ" ಎನ್ನುತ್ತಾನೆ. ಅವನ ನಾಳೆಗಳನ್ನೆಲ್ಲ ಕೂಡಿಸಿದರೆ ನನ್ನ ನಿವೃತ್ತಿ ಬರುತ್ತದೆ.

ತುರ್ತು ಇದ್ದದ್ದೂ ನಿಜ. ಕುಮಟಾದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಅತ್ತೆಯವರನ್ನು ಅಂದು ಮೂರು ಗಂಟೆಗೆ ಮನೆಗೆ ಕರೆತರಬೇಕಿತ್ತು. ಬಸ್ಸಿನ ನೂಕಾಟ, ರಿಕ್ಷಾದ ಧೂಳು ಎರಡೂ ಕೂಡದೆಂದು ಡಾಕ್ಟರು ಹೇಳಿದ್ದರು. "ಕಾರನ್ನು ಬೆಣ್ಣೆಯಂತೆ ಮಾಡಿ ತರುತ್ತೇನೆ" ಎಂದು ನಾನು ಅತ್ತೆಯವರೆದುರೇ ಮಾತು ಕೊಟ್ಟಿದ್ದೆ. ಇಷ್ಟು ವರ್ಷಗಳ ಅಳಿಯತನದಲ್ಲಿ ಅವರು ನನ್ನನ್ನು ಮೆಚ್ಚಿದ್ದು ಒಂದೇ ಸಲ. ನಾನು ಬಿಡಿಸಿದ ಹಲಸಿನಹಣ್ಣನ್ನು ನೋಡಿ "ಅಡ್ಡಿಲ್ಲೆ" ಎಂದಿದ್ದರು. ಈ ದಾಖಲೆಯನ್ನು ಉತ್ತಮಪಡಿಸುವ ಆಸೆ ನನಗಿತ್ತು.

ಬೆಳಿಗ್ಗೆಯೇ ಮುಂದಿನ ಗಾಲಿಗಳನ್ನು ಎರಡು ಚಿರೆಕಲ್ಲುಗಳ ಮೇಲೆ ಹತ್ತಿಸಿ ಕೆಳಗೆ ತೂರಿಕೊಂಡೆ. ಹೆಂಡತಿಯ ಪಾದಗಳು ಬಂದು ನಿಂತವು.

"ಆಸ್ಪತ್ರೆಲಿ ಆಯಿ ಕಾಯ್ತಾ ಇರ್ತು. ಗ್ಯಾರೇಜಿಗೆ ಕೊಟ್ರೆ ಎಂತ ಆಗ್ತಿತ್ತು ನಿಮಗೆ?"

"ಇಂಜಿನ್ನಿನ ಆರೋಗ್ಯ ಆಯಿಲಿನಲ್ಲಿ ಇದ್ದು," ಎಂದೆ.

"ನಿಮ್ಮದು ಎಲ್ಲಿದ್ದು? ಬಲ್ಬ್ ಹಾಕಲೆ ಸ್ಟೂಲ್ ಹತ್ತಿದವರನ್ನ ಇಳಿಸಲೆ ಎರಡು ಜನ ಬೇಕಾತು." ಪಾದಗಳು ಹೊರಟುಹೋದವು.

ನಮ್ಮ ಕಡೆ ಹೊಸ ಆಯಿಲಿಗಿಂತ ಹಳೆಯದಕ್ಕೇ ಗಿರಾಕಿ ಹೆಚ್ಚು. ಸುಟ್ಟ ಆಯಿಲ್ ಬಳಿದ ಮರಕ್ಕೆ ಗೆದ್ದಲು ಹತ್ತುವುದಿಲ್ಲವೆಂದು, ಯಾರ ಮನೆಯಲ್ಲಿ ಬೋಲ್ಟ್ ಬಿಚ್ಚಿದರೂ ಓಣಿಯ ಕ್ಯಾನುಗಳು ಹಾಜರಾಗುತ್ತವೆ. ದೋಣಿ ಕೆಲಸದಲ್ಲೇ ಕೂದಲು ಹಣ್ಣಾದ ಪಕ್ಕದ ಮನೆಯ ಮಾದೇವ ಮುಂಚಿತವಾಗಿಯೇ ಹೇಳಿಟ್ಟಿದ್ದ. ಅವನು ಕ್ಯಾನು ಹಿಡಿದು ಬರುವ ಹೊತ್ತಿಗೆ ಎರಡು ಗಂಟೆಯಾಗಿತ್ತು. ನಾನು ಬೋಲ್ಟಿನೊಡನೆ ಗುದ್ದಾಡಿ ಗೆದ್ದು, ಹಳೆಯದನ್ನು ಬೋಗುಣಿಗೆ ಇಳಿಸಿ, ಹೊಸದನ್ನು ಹೊಯ್ದು ಮುಗಿಸಿದ್ದೆ. ಅಳತೆ ಕಡ್ಡಿ ಅದ್ದಿ ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಬಹುದೂರ ಹೋಗಿತ್ತು. ಗೆರೆಯನ್ನೇ ತಪ್ಪು ಜಾಗದಲ್ಲಿ ಎಳೆದಿದ್ದಾರೆಂದು ತೀರ್ಮಾನಿಸಿದೆ. ವಿಜ್ಞಾನದ ಮಾಸ್ತರನಾದವನು ಹಾಗೆ ತೀರ್ಮಾನಿಸಬಾರದು.

ಮಾದೇವ ಬೋಗುಣಿಗೆ ಬೆರಳು ಅದ್ದಿ ಮೂಸಿದ.

"ಮಾಸ್ತರೆ, ಇದು ಸುಟ್ಟ ಆಯಿಲ್ ಅಲ್ಲ."

"ಮತ್ತೆಂತ?"

"ಇಂಜಿನ್ನಿಂದು ಕಾಡಿಗೆ ಹಂಗೆ ಕಪ್ಪಿರ್ತದೆ. ಇದು ಜೇನಿನ ಬಣ್ಣ ಅಲ್ರಾ? ಗೇರ್ ಬಾಕ್ಸಿಂದು. ನೀವು ಬಾಜೂ ಬೋಲ್ಟ್ ಬಿಚ್ಚೀರಿ. ಗಾಡಿ ಚಾಲೂ ಮಾಡ್ಬೇಡಿ, ಮತ್ತೆ!"

ಅಂದರೆ ಗೇರ್ ಬಾಕ್ಸಿಗೆ ಕಟ್ಟುನಿಟ್ಟಿನ ಉಪವಾಸ. ಇಂಜಿನ್ನಿಗೆ ಉಂಡ ಮೇಲೆ ಇನ್ನೊಂದು ಊಟ. ಗ್ಯಾರೇಜಿಗೆ ಭಾನುವಾರದ ರಜೆ. ಟ್ಯಾಕ್ಸಿಗೆ ಫೋನು ಮಾಡಿದರೆ ಎಲ್ಲವೂ ಪ್ರವಾಸಿಗರನ್ನು ತುಂಬಿಕೊಂಡು ಅಪ್ಸರಕೊಂಡಕ್ಕೆ ಹೋಗಿದ್ದವು. ಹೆಂಡತಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಒಮ್ಮೆ ಗಡಿಯಾರ, ಒಮ್ಮೆ ಬೋಗುಣಿ ನೋಡಿದಳು.

"ನನ್ನ ಗಾಡಿ ಅದೆಯಲ್ಲ," ಎಂದ ಮಾದೇವ. "ನಿನ್ನೆಯೇ ತೊಳ್ದದ್ದು. ಗಾಜು ಏರ್ಸಿದ್ರೆ ಒಂದು ಕಣ ಧೂಳು ಬರೂದಿಲ್ಲ. ಅಮ್ಮನ್ನ ನಾ ಕರ್ಕಂಡು ಬತ್ತೆ."

ಮಾದೇವನ ಪಿಕಪ್ ಗಾಡಿಯಲ್ಲಿ ದಿನವೂ ಬಂದರಿನಿಂದ ಮೀನು ಹೋಗುತ್ತದೆ. ಅತ್ತೆಯವರು ಈರುಳ್ಳಿಯ ವಾಸನೆಗೇ ಕಿಟಕಿ ತೆರೆಯುವವರು.

"ಕಣ್ಣಿಗೆ ಪಟ್ಟಿ ಇದ್ದು," ಎಂದು ಹೆಂಡತಿಗೆ ಮೆಲ್ಲಗೆ ಧೈರ್ಯ ಹೇಳಿದೆ.

"ಮೂಗಿಗೆ ಇಲ್ಲೆ," ಎಂದು ಅವಳು ಗಾಡಿ ಹತ್ತಿದಳು. ಮುಂದೆ ಇದ್ದದ್ದು ಮೂರೇ ಸೀಟು; ಮೂರನೆಯದು ಅತ್ತೆಯವರಿಗೆ, ನನಗೆ ಜಾಗವಿರಲಿಲ್ಲ.

ನಾಲ್ಕು ಗಂಟೆಗೆ ಗಾಡಿ ಬಂತು. ಅತ್ತೆಯವರು ಮಗಳ ಕೈ ಹಿಡಿದು ನಿಧಾನವಾಗಿ ಇಳಿದರು. ನಾನು ಅವರ ಮೂಗನ್ನೇ ನೋಡುತ್ತ ನಿಂತೆ.

"ತಮಾ, ರಾಶಿ ಚೊಲೋ ಗಾಡಿ ಹೊಡಿತೆ ನೀನು," ಎಂದರು ಮಾದೇವನಿಗೆ. "ಒಂದು ಹೊಂಡವೂ ಗೊತ್ತಾಜಿಲ್ಲೆ."

ಮುಂದಿನ ವಾರ ಡಾಕ್ಟರಿಗೆ ಕಣ್ಣು ತೋರಿಸಲು ಅತ್ತೆಯವರು ಮಾದೇವನ ಗಾಡಿಯಲ್ಲೇ ಹೋಗುತ್ತಾರೆ.