ಜೀಪಿಗೆ ನಾನು ಕೊಟ್ಟ ನಾಟಿ ಮದ್ದು

"ಮೂರು ದಿನ ಟೈಮ್ ಕೊಡೋ! ಈ ಜೀಪು ಕೀ ತಿರುಗಿಸಿದ ತಕ್ಷಣ ಗುಡುಗೋ ಹಂಗೆ ಮಾಡದೆ ಹೋದ್ರೆ ನನ್ನ ಹೆಸರು ಮುನಿಲಕ್ಷ್ಮಮ್ಮನೇ ಅಲ್ಲ!"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಳದ ನಡುವೆ ನಿಂತು, ನಾನು ಹೀಗೆ ಆರ್ಭಟಿಸಿದ್ದು ನನ್ನ ಮಗ ಮುನಿರಾಜನ ಮುಂದೆ. ಅವನು ಹಲ್ಲುಜ್ಜುತ್ತಾ ನಿಂತಿದ್ದ. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೇಳಿದ: "ಹೆಸರು ಬದಲಾಯಿಸಬೇಕು ಅಂದ್ರೆ ಆಧಾರ್ ತಿದ್ದಿಸಬೇಕು ಕಣಮ್ಮ. ಹೊಸಕೋಟೇಲಿ ಕ್ಯೂ ಜಾಸ್ತಿ ಐತೆ."

ನೋಡಿ, ಹೆತ್ತ ಮಗ!

"ಕ್ಯೂ ಇರ್ಲಿ. ಮೂರು ದಿನ ಕೊಡ್ತೀಯೋ ಇಲ್ವೋ?"

"ಕೊಟ್ಟೆ. ಗುರುವಾರ, ಶುಕ್ರವಾರ, ಶನಿವಾರ. ಬೆಳಿಗ್ಗೆ ಆರು ಗಂಟೆಗೆ, ಮೆಕ್ಯಾನಿಕ್ ಕೈ ತಾಗದೆ ಸ್ಟಾರ್ಟ್ ಆಗಬೇಕು. ಮೂರರಲ್ಲಿ ಒಂದು ದಿನ ಆದ್ರೂ ಸಾಕು, ಇಟ್ಕೊಳ್ಳಿ. ಇಲ್ಲ ಅಂದ್ರೆ ಭಾನುವಾರ ಜಡಿಗೇನಹಳ್ಳಿ ಕೆಂಪರಾಜಣ್ಣ ಬರ್ತಾನೆ, ಕೊಟ್ಟುಬಿಡ್ತೀನಿ. ಕೋಳಿ ಫಾರಂಗೆ ಫೀಡ್ ಹೊರೋಕೆ ಬೇಕಂತೆ."

ಕೋಳಿ ಫೀಡು! ನಮ್ಮೆಜಮಾನರ ಜೀಪಿನಲ್ಲಿ! ನನ್ನ ರಕ್ತ ಉಕ್ಕಿ ಬಂತು.

ಈ ಜೀಪಿನ ಚರಿತ್ರೆ ನಿಮಗೆ ಗೊತ್ತಿಲ್ಲ, ಹೇಳ್ತೀನಿ. ನಾನು ಓದಿರೋದು ನಾಲ್ಕನೇ ಕ್ಲಾಸು. ಆದರೆ ನೆನಪು ಮಾತ್ರ ಕಲ್ಲಲ್ಲಿ ಕೊರೆದ ಹಾಗಿದೆ. ಮುನಿರಾಜ ಹೊಟ್ಟೇಲಿದ್ದಾಗ ನಮ್ಮೆಜಮಾನರು ಕೋಲಾರದ ಕಡೆಯಿಂದ ಸೆಕೆಂಡ್ ಹ್ಯಾಂಡಲ್ಲಿ ಇದನ್ನ ತಂದರು. ಹೆರಿಗೆಗೆ ನನ್ನನ್ನ ಹೊತ್ತುಕೊಂಡು ಹೋಗಿದ್ದು ಇದೇ, ಮಗನ್ನ ಹೊತ್ತುಕೊಂಡು ಬಂದಿದ್ದೂ ಇದೇ. ಅವರು ತೀರಿಹೋಗಿ ಆರು ವರ್ಷ. ಆಮೇಲೆ ಜೀಪೂ ಹುಣಸೇಮರದ ಕೆಳಗೆ ಕೂತುಬಿಟ್ಟಿತು. ಇಂಜಿನ್ನಿನಲ್ಲಿ ಇಲಿಗಳು ಮನೆ ಕಟ್ಟಿ, ಮರಿ ಹಾಕಿ, ಮೊಮ್ಮಕ್ಕಳ ಮುಖವನ್ನೂ ನೋಡಿದವು!

ಅದನ್ನ ಎಬ್ಬಿಸಿದ್ದು ನನ್ನ ಸೊಸೆ ಮಮತ. ಅವರೇಕಾಯಿ ಮೂಟೆ ಸಾಗಿಸೋಕೆ ಟೆಂಪೋದವನ ಹಿಂದೆ ಅಲೆದೂ ಅಲೆದೂ ಸಾಕಾಗಿ, ಅವಳೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಳು. ದೀಪಾವಳಿ ಕಳೆದ ಮೇಲೆ ಸಮೇತನಹಳ್ಳಿ ಮೆಕ್ಯಾನಿಕ್ ಬೈರೇಶನ್ನ ಕರೆಸಿದಳು. ಅವನು ಹಳೇ ಇಂಜಿನ್ನಿಗೆ ಎರಡೂ ಕೈ ಜೋಡಿಸಿ, "ಇದು ಶಿವನ ಪಾದ ಸೇರಿಕೊಂಡೈತೆ," ಅಂದವನೇ ಯಾವುದೋ ವ್ಯಾನಿನ ಪೆಟ್ರೋಲ್ ಇಂಜಿನ್ ತಂದು ಕೂರಿಸಿದ. ಮೈ ಜೀಪಿಂದು, ಎದೆ ವ್ಯಾನಿಂದು! ಆದರೂ ಒಂದು ತಿಂಗಳು ಓಡಿತು ನೋಡಿ, ಹೊಸ ಮದುಮಗನ ಹಾಗೆ!

ಒಂದು ಸೋಮವಾರ ಮಮತ ಸಪ್ಪೆ ಮುಖ ಹಾಕಿಕೊಂಡು ಬಂದಳು. "ಅತ್ತೆ, ಹೊಸಕೋಟೆ ಸರ್ಕಲ್ಲಲ್ಲಿ ಎರಡು ಸಲ ಆಫ್ ಆಗೋಯ್ತು. ಹಿಂದಿನ ಬಸ್ಸಿನವನು ಬಾಯಿಗೆ ಬಂದ ಹಾಗೆ ಬೈದ."

ಕ್ಲಚ್ಚು ಬೇಗ ಬಿಟ್ಟಿದ್ದಾಳೆ, ಆಫ್ ಆಗಿದೆ. ಇಷ್ಟೇ. ಅದು ಆಮೇಲೆ ಗೊತ್ತಾಯ್ತು ಅನ್ನಿ. ಆವತ್ತು ಮಾತ್ರ ನಾನು ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರ ಹಾಗೆ ತಲೆಯಾಡಿಸಿ, ಮನಸ್ಸಿನಲ್ಲೇ ತೀರ್ಪು ಕೊಟ್ಟೆ: ಪೆಟ್ರೋಲ್ ಪಂಪು ಕಾದಿದೆ!

ಯಾಕೆ ಅಂತೀರಾ? ಬೇಸಿಗೇಲಿ ಚಿಂತಾಮಣಿ ದಾರೀಲಿ ಜೀಪು ಕಾದು ನಿಂತಾಗಲೆಲ್ಲ ನಮ್ಮೆಜಮಾನರು ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸೋರು. ಒಂದು ಬೀಡಿ ಸೇದೋಷ್ಟರಲ್ಲಿ ಜೀಪು ಹೊರಡೋದು. ಆ ಪಂಪು ಎಲ್ಲಿತ್ತು ಅಂತ ನನಗೆ ನಿದ್ದೇಲೂ ಗೊತ್ತು. ಇಂಜಿನ್ನಿನ ಪಕ್ಕಕ್ಕೆ, ಮುಷ್ಟಿ ಗಾತ್ರ, ದುಂಡಗೆ, ಎರಡು ಪೈಪು. ಹೊಸ ಇಂಜಿನ್ನಿನಲ್ಲಿ ಇಣುಕಿ ನೋಡಿದೆ. ಅದೇ ಜಾಗ! ಅದೇ ದುಂಡು! ಪೈಪು ಮಾತ್ರ ಕರ್ರಗೆ, ದಪ್ಪಗೆ, ಐದು. ಕಾಲ ಮುಂದುವರಿದಿದೆ, ಈಗಿನ ಇಂಜಿನ್ನು ಐದು ಬಾಯಲ್ಲಿ ಪೆಟ್ರೋಲ್ ಕುಡಿಯುತ್ತೆ ಅಂದುಕೊಂಡೆ.

ಕಾದ ಮೇಲೆ ತಣ್ಣಗೆ ಮಾಡೋದಕ್ಕಿಂತ, ಕಾಯೋಕೆ ಮುಂಚೆಯೇ ತಣ್ಣಗಿಟ್ಟರೆ ಇನ್ನೂ ಒಳ್ಳೇದಲ್ವೇ? ಇದು ನನ್ನ ಸ್ವಂತ ಸಂಶೋಧನೆ!

ಮನೇಲಿ ಯಾರಿಗೂ ಹೇಳಲಿಲ್ಲ. ಅದಕ್ಕೂ ಕಾರಣ ಇದೆ. ನನ್ನ ತೌರಿನವರು ಕಾಮಾಲೆಗೆ ನಾಟಿ ಮದ್ದು ಕೊಡೋರು. ಅದಕ್ಕೆ ಒಂದು ಕಟ್ಟುನಿಟ್ಟು. ಹೊತ್ತು ಹುಟ್ಟೋಕೆ ಮುಂಚೆ ಕೊಡಬೇಕು, ಮಾತಾಡದೆ ಕೊಡಬೇಕು, ಮದ್ದು ಏನು ಅಂತ ಬಾಯಿಬಿಟ್ಟರೆ ಅದರ ಗುಣವೇ ಹೋಯ್ತು! ಮನುಷ್ಯರಿಗೆ ಹೇಗೋ ಜೀಪಿಗೂ ಹಾಗೇ ಅಂತ ತೀರ್ಮಾನಿಸಿಬಿಟ್ಟೆ.

ಮಂಗಳವಾರ ಹೊತ್ತು ಮೂಡೋಕೆ ಮುಂಚೆ, ಮಮತ ಹಾಲು ಕರೆಯೋಕೆ ಹೋದಾಗ, ಒಂದು ರವಿಕೆ ಕಣವನ್ನ ತಣ್ಣೀರಲ್ಲಿ ಅದ್ದಿ ಪಂಪಿಗೆ ಹೊದಿಸಿದೆ. ಅವಳು ಬರೋ ಹೊತ್ತಿಗೆ ತೆಗೆದು ಮಡಿಲಲ್ಲಿ ಬಚ್ಚಿಟ್ಟುಕೊಂಡೆ. ಅವಳು ಮೂಟೆ ಹೇರಿ, ಕೀ ತಿರುಗಿಸಿದಳು. ಕೊರ್‌ರ್‌... ಕೊರ್‌ರ್‌... ಕೊರ್‌ರ್‌. ಅಷ್ಟೇ! ಬುಧವಾರವೂ ಅಷ್ಟೇ!

ಆಶ್ಚರ್ಯ ನೋಡಿ, ನಾನು ಮದ್ದು ಶುರು ಮಾಡಿದ ದಿನವೇ ರೋಗ ಉಲ್ಬಣ! ಎಷ್ಟು ಸರಿಯಾದ ಹೊತ್ತಿಗೆ ಕೈ ಹಾಕಿದ್ದೀನಿ ಅಂತ ನನಗೇ ಹೆಮ್ಮೆ ಆಯ್ತು. ಆ ಬುಧವಾರವೇ ಮುನಿರಾಜ ಮಾರಿಬಿಡ್ತೀನಿ ಅಂತ ಕೂಗಾಡಿದ್ದು, ನಾನು ಮೂರು ದಿನದ ಪಣ ಕಟ್ಟಿದ್ದು.

ಗುರುವಾರ ಮದ್ದಿನ ಪ್ರಮಾಣ ಹೆಚ್ಚಿಸಿದೆ. ರವಿಕೆ ಕಣದ ಜಾಗಕ್ಕೆ ಟರ್ಕಿ ಟವಲು! ಆರು ಗಂಟೆಗೆ ಮಮತ ಕೀ ತಿರುಗಿಸಿದಳು. ಕೊರ್‌ರ್‌, ಕೊರ್‌ರ್‌. ಬ್ಯಾಟರಿ ಸೋತು ಮಲಗಿತು. ಮೂಟೆಗಳು ಹಾಲಿನ ವ್ಯಾನಿನಲ್ಲಿ ಹೋದವು.

ಹತ್ತು ಗಂಟೆಗೆ ಬೈರೇಶ ಬಂದ. ಅಷ್ಟು ಹೊತ್ತಿಗೆ ಬಾನೆಟ್ಟಿನ ಮೇಲೆ ಸುಡುಸುಡು ಬಿಸಿಲು. ನಾನು ಅಡುಗೆಮನೇಲಿ ಅವನಿಗೆ ಕಾಫಿ ಕಾಯಿಸ್ತಿದ್ದೆ. ಅದೇನೋ ಬಿಚ್ಚಿದ, ಒರೆಸಿದ, ಬೇರೆ ಬ್ಯಾಟರಿ ಕೊಟ್ಟ, ಕೀ ತಿರುಗಿಸಿದ. ಗುಡುಡುಡು!

"ಏನಾಗಿತ್ತಂತೆ?" ಅಂತ ಮಮತನ್ನ ಕೇಳಿದೆ.

"ಮಂಜಿಗೆ ತೇವ ಹಿಡಿದಿತ್ತಂತೆ ಅತ್ತೆ. ಜೀಪಿನ ಮೇಲೆ ಟಾರ್ಪಾಲ್ ಹೊದಿಸಿ ಅಂದ."

ಎಲ್ಲಿ ತೇವ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಸಂಜೆ ಇಬ್ಬರೂ ಸೇರಿ ಮೇಲೆ ಟಾರ್ಪಾಲು ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದೆವು. ಶುಕ್ರವಾರ ಬೆಳಿಗ್ಗೆ ನಾನು ಅದೇ ಟಾರ್ಪಾಲಿನ ಒಳಗೆ ನುಸುಳಿ ಒದ್ದೆ ಟವಲು ಹೊದಿಸಿದೆ, ಈ ಸಲ ಎರಡು ಮಡಿಕೆ! ಮೇಲಿನಿಂದ ಒಂದು ಹನಿ ಬೀಳದ ಹಾಗೆ ಅವಳ ಕಾವಲು, ಒಳಗೆ ನನ್ನ ಜಲಾಭಿಷೇಕ!

ಕೊರ್‌ರ್‌, ಕೊರ್‌ರ್‌.

"ತಳ್ಳಿ ನೋಡೋಣ!" ಅಂದಳು ಮಮತ. ಬೀದಿಯವರೆಲ್ಲ ಬಂದರು. ನಾನೂ ಹಿಂದೆ ಕೈ ಕೊಟ್ಟೆ. ಇಳಿಜಾರಿನಲ್ಲಿ ಜೀಪು ಹೊರಟಿತು, ಸ್ಟಾರ್ಟ್ ಮಾತ್ರ ಆಗಲಿಲ್ಲ. ಮಮತ ಗಾಬರೀಲಿ ಬ್ರೇಕ್ ಬಿಟ್ಟು ಹಾರನ್ ಒತ್ತಿದಳು. ಜೀಪು ಹಾರನ್ ಹೊಡೀತಾ ಮರ್ಯಾದೆಯಿಂದ ಹೋಗಿ ಪಕ್ಕದ ಮನೆ ಮುನಿಗಂಗಮ್ಮನ ರಾಗಿ ಹುಲ್ಲಿನ ಬಣವೆಗೆ ಮೂತಿ ಹಾಕಿ ನಿಂತಿತು. ಒಳಗಿದ್ದ ಎರಡು ಕಾವು ಕೋಳಿ ಮಮತನ ತಲೆ ಮೇಲಿಂದ ಹಾರಿದವು!

"ಏನ್ ಲಕ್ಷ್ಮಕ್ಕ," ಅಂತ ಮುನಿಗಂಗಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು, "ಪೆಟ್ರೋಲು ಸೇರ್ತಿಲ್ಲ ಅಂತ ಹುಲ್ಲು ಮೇಯಿಸ್ತಿದ್ದೀಯಾ?"

"ನಾಳೆ ನೋಡು ನಮ್ಮ ಜೀಪು!" ಅಂದೆ.

"ನಾಳೆಗೆ ಬೂಸಾನೂ ಕಲಸಿಡ್ಲಾ?"

ಆವತ್ತು ಬೈರೇಶ ಪ್ಲಗ್ಗು ಬದಲಾಯಿಸಿದ, ವೈರು ಬದಲಾಯಿಸಿದ. ಹತ್ತೂವರೆಗೆ ಬಿಸಿಲಲ್ಲಿ ಮತ್ತೆ ಗುಡುಡುಡು! ಬೈರೇಶ ತಲೆ ಕೆರೆದುಕೊಂಡು, "ಇದಕ್ಕೆ ನನ್ನ ಮುಖ ನೋಡಿದ್ರೆ ಮಾತ್ರ ಸ್ಟಾರ್ಟ್ ಆಗೋ ಚಟ ಹತ್ತೈತೆ," ಅಂದ. ಮುನಿರಾಜ, "ಹಂಗಾದ್ರೆ ನಿನ್ನ ಒಂದು ಫೋಟೋ ಕೊಡು, ಬಾನೆಟ್ ಒಳಗೆ ಅಂಟಿಸ್ತೀನಿ," ಅಂದ.

ಉಳಿದಿದ್ದು ಶನಿವಾರ ಒಂದೇ. ಮಾಡು ಇಲ್ಲ ಮಡಿ! ಟ್ರಂಕು ತೆಗೆದು ನಮ್ಮೆಜಮಾನರ ಹಳೇ ಪಂಚೆ ಹೊರಗೆ ತೆಗೆದೆ. ಬಕೆಟ್ಟಿನಲ್ಲಿ ಮುಳುಗಿಸಿ, ಹಿಂಡದೆ, ನೀರು ಸುರೀತಾ ಇರೋ ಹಾಗೇ ಪಂಪಿಗೆ ಮೂರು ಸುತ್ತು ಸುತ್ತಿದೆ. "ನಿಮ್ಮ ಜೀಪು, ನಿಮ್ಮ ಪಂಚೆ, ಇನ್ನು ನೀವುಂಟು ಅದುಂಟು," ಅಂತ ಮನಸ್ಸಿನಲ್ಲೇ ಹೇಳಿ ಕೈ ಮುಗಿದೆ. ದಿನಾ ಮಾಡೋ ಹಾಗೆ, ಮಮತ ಬರೋ ಹೊತ್ತಿಗೆ ಅದನ್ನ ಬಿಚ್ಚಿ ಬಚ್ಚಿಟ್ಟೆ.

ಆರು ಗಂಟೆ. ಈ ಸಲ ಕೊರ್‌ರ್‌ ಅಂದಿದ್ದು ಬಿಟ್ರೆ ಇನ್ನೇನೂ ಇಲ್ಲ. ಮಮತ ಸ್ಟೇರಿಂಗ್ ಮೇಲೆ ತಲೆಯಿಟ್ಟುಕೊಂಡು ಅತ್ತುಬಿಟ್ಟಳು. ಅವಳ ಬೆನ್ನು ಸವರುತ್ತಾ ನಾನೂ ಅತ್ತೆ. ಮುನಿರಾಜ ಕೆಂಪರಾಜುಗೆ ಫೋನ್ ಮಾಡಿದ.

ಭಾನುವಾರ ನಾನು ಮದ್ದು ಮಾಡಲಿಲ್ಲ. ಸೋತವರಿಗೆ ಯಾವ ಮದ್ದು? ಒಂಬತ್ತು ಗಂಟೆಗೆ ಕೆಂಪರಾಜು ಬಂದ. ಗುಡಾಣದಂಥ ಆಳು, ನಗುಮುಖ. ಏನಾದ್ರೂ ತಕರಾರು ಬಂದ್ರೆ ಇರ್ಲಿ ಅಂತ ಮುನಿರಾಜ ಬೈರೇಶನ್ನೂ ಕರೆಸಿದ್ದ. ಆದರೆ ಬೈರೇಶ ಗೇಟು ದಾಟೋಕೆ ಮುಂಚೆಯೇ ಕೆಂಪರಾಜು ಜೀಪು ಹತ್ತಿ ಕೀ ತಿರುಗಿಸಿಬಿಟ್ಟ.

ಗುಡುಡುಡುಡು!

ಒಂದೇ ಸಲಕ್ಕೆ! ಮಮತನ ಬಾಯಿ ತೆರೆದಿದ್ದು ತೆರೆದ ಹಾಗೇ ಇತ್ತು. ಮುನಿರಾಜನ ಕಾಫಿ ಲೋಟ ವಾಲಿ ಪ್ಯಾಂಟಿನ ಮೇಲೆಲ್ಲ ಕಾಫಿ. "ದ್ರೋಹಿ ಗಾಡಿ!" ಅಂತ ಕೂಗಿದ.

"ಭಲೇ! ಈಗಲೇ ತಗೊಂಡ್ಹೋಗ್ತೀನಿ," ಅಂದ ಕೆಂಪರಾಜು.

ಜೀಪು ಹೋದ ಹಾಗೇ ಲೆಕ್ಕ. ಆದರೂ ಧರ್ಮ ಅಂತ ಒಂದಿದೆಯಲ್ಲ? ನಾವು ಹಸು ಮಾರುವಾಗಲೂ ಅದು ಯಾವ ಕಾಲಲ್ಲಿ ಒದೆಯುತ್ತೆ, ಯಾವ ಕಡೆ ಕೂತು ಕರೆಯಬೇಕು, ಎಲ್ಲ ಹೇಳಿಯೇ ಹಗ್ಗ ಕೈಗೆ ಕೊಡೋರು. ಜೀಪನ್ನ ಹೇಳದೆ ಹೇಗೆ ಕೊಡೋದು? ಕಣ್ಣೊರೆಸಿಕೊಂಡು ಮುಂದೆ ಬಂದೆ.

"ಕೆಂಪರಾಜಪ್ಪ, ಆಫ್ ಮಾಡು. ಇದಕ್ಕೆ ಒಂದು ಮದ್ದೈತೆ. ನಿತ್ಯ ಮಾಡ್ಬೇಕು. ಯಾರಿಗೂ ಹೇಳ್ಬಾರ್ದು, ಆದ್ರೆ ಇನ್ಮೇಲೆ ಇದನ್ನ ನೋಡ್ಕೊಳ್ಳೋನು ನೀನು, ನಿಂಗೆ ಹೇಳಲೇಬೇಕು."

ತೊಟ್ಟಿಯಿಂದ ಪಂಚೆ ನೆನೆಸಿ ತಂದು, ಬಾನೆಟ್ ಎತ್ತಿ, ಹಸುಗೂಸಿಗೆ ಬಟ್ಟೆ ಸುತ್ತೋ ಹಾಗೆ ಮೂರು ಸುತ್ತು ಸುತ್ತಿ ತೋರಿಸಿದೆ. "ಈ ಥರ. ಪೆಟ್ರೋಲ್ ಪಂಪು ತಣ್ಣಗಿರ್ಬೇಕು."

ಗೇಟಿನ ಹತ್ತಿರ ಚೀಲ ದೊಪ್ಪನೆ ಬಿದ್ದ ಸದ್ದು. ಬೈರೇಶ ಓಡಿ ಬಂದ.

"ಅಜ್ಜೀ! ಅದು ಪೆಟ್ರೋಲ್ ಪಂಪಲ್ಲ! ಡಿಸ್ಟ್ರಿಬ್ಯೂಟರು! ನಾಲ್ಕು ಪ್ಲಗ್ಗಿಗೂ ಕರೆಂಟ್ ಹಂಚೋದು ಅದು!"

"ಐದು ಪೈಪ್ ಐತಲ್ಲೋ!"

"ಪೈಪಲ್ಲ ಅಜ್ಜಿ, ವೈರು! ಒಂದು ಕರೆಂಟ್ ತರೋದು, ನಾಲ್ಕು ಪ್ಲಗ್ಗಿಗೆ ಕೊಡೋದು! ಅದರ ಮೇಲೆ ನೀರು ಬಿದ್ರೆ ಕಿಡಿ ಎಲ್ಲಿಂದ ಬರುತ್ತೆ? ದಿನಾ ಹಿಂಗೇ ಮಾಡ್ತಿದ್ರಾ?"

ನಾನು ತಲೆ ತಗ್ಗಿಸಿ ನಾಲ್ಕು ಬೆರಳೆತ್ತಿದೆ. ಮಮತ ನನ್ನನ್ನೇ ನೋಡ್ತಿದ್ದಳು. ಐದನೆಯದನ್ನೂ ಎತ್ತಿದೆ.

ಅನುಮಾನವೇ ಬೇಡ ಅಂತ ಬೈರೇಶ ಪಂಚೆ ಬಿಚ್ಚಿ ಕೀ ತಿರುಗಿಸಿದ. ಕೊರ್‌ರ್‌, ಕೊರ್‌ರ್‌. ಮುಚ್ಚಳ ಬಿಚ್ಚಿ, ಒಳಗೂ ಹೊರಗೂ ಒಣಬಟ್ಟೇಲಿ ಒರೆಸಿ ಮತ್ತೆ ತಿರುಗಿಸಿದ. ಗುಡುಡುಡು! ಬೀದಿಗೆ ಬೀದಿಯೇ ನಕ್ಕಿತು. ಮುನಿಗಂಗಮ್ಮ ಕಾಂಪೌಂಡ್ ಹಿಡಿದುಕೊಂಡು ನಗ್ತಾ ನಗ್ತಾ ಕೆಳಗೇ ಕೂತಳು.

ಕೆಂಪರಾಜು ಕಣ್ಣೀರು ಒರೆಸಿಕೊಂಡು, "ಅಮ್ಮಾ, ಜೀಪ್ ಜೊತೆಗೆ ಆ ಪಂಚೇನೂ ಕೊಡಿ. ನಮ್ಮ ಅಳಿಯ ಬೈಕ್ ತಗೊಂಡು ಊರೂರು ಸುತ್ತುತಾನೆ, ಅದಕ್ಕೆ ಸುತ್ತಿಬಿಡ್ತೀನಿ," ಅಂದ.

ಮುನಿರಾಜ ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡ. "ನಗೋದು ಆಯ್ತು. ಮೂರು ದಿನ ಸ್ಟಾರ್ಟ್ ಆಗ್ಲಿಲ್ಲ. ಮಾತು ಅಂದ್ರೆ ಮಾತು. ಸೋತಿದ್ದೀರ, ಮಾರ್ತೀನಿ."

ಮಮತ ಜೀಪಿನ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು. "ಸೋತಿದ್ದು ಜೀಪಲ್ಲ ರೀ, ಅತ್ತೆ! ಮಾರಲೇಬೇಕು ಅಂದ್ರೆ ಅತ್ತೇನ ಮಾರಿ!"

ಎಲ್ಲರೂ ಕೆಂಪರಾಜು ಕಡೆ ನೋಡಿದರು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೈ ಮುಗಿದ. "ಅಯ್ಯೋ ಬೇಡ ತಾಯಿ, ನಮ್ಮನೇಲಿ ಒಬ್ರಿದ್ದಾರೆ!" ಆಮೇಲೆ ನನ್ನ ಕೈಯಲ್ಲಿದ್ದ ಪಂಚೆ ನೋಡಿ, ಮಮತನ ಮುಖ ನೋಡಿ, ಮೆತ್ತಗೆ ಹೇಳಿದ: "ಮುನಿರಾಜ, ಬೇಡ ಬಿಡಪ್ಪ. ಇಷ್ಟು ಜೀವ ಇಟ್ಕೊಂಡಿರೋ ಗಾಡೀಲಿ ಕೋಳಿ ಫೀಡ್ ಹೊತ್ತರೆ ನನ್ನ ಕೋಳಿ ಮೊಟ್ಟೆ ಇಡಲ್ಲ."

ಮುನಿರಾಜ ಸೋತ. ಅವನಿಗೂ ಒಳಗೊಳಗೆ ಅದೇ ಬೇಕಿತ್ತೋ ಏನೋ, ಬಾನೆಟ್ಟಿನ ಮೇಲೆ ಒಂದು ಸಲ ಕೈ ಆಡಿಸಿ ಒಳಗೆ ಹೋದ.

ಸೋಮವಾರ ಆರು ಗಂಟೆಗೆ ಜೀಪು ಒಂದೇ ಕೀಗೆ ಗುಡುಗಿತು. ಅವರೇಕಾಯಿ ಮೂಟೆ ಹೇರಿಕೊಂಡು ಮಮತ ಹಾರನ್ ಹೊಡೀತಾ ಹೋದಾಗ ನನ್ನ ಎದೆ ಇಷ್ಟಗಲ ಆಯ್ತು! ಏನೇ ಆಗ್ಲಿ, ಜೀಪು ಉಳಿಸಿದ್ದು ನಾನೇ ಅಲ್ವೇ? ನಾನು ಪಂಚೆ ಸುತ್ತಿ ತೋರಿಸದೆ ಇದ್ದಿದ್ರೆ ಇಷ್ಟು ಹೊತ್ತಿಗೆ ಅದು ಜಡಿಗೇನಹಳ್ಳಿ ಸೇರಿರೋದು!

ಸಂಜೆ ಮುನಿರಾಜ ಬಾನೆಟ್ಟಿಗೆ ಗಟ್ಟಿ ಕೊಂಡಿ ಬೆಸುಗೆ ಹಾಕಿಸಿ, ತೆಂಗಿನಕಾಯಿ ಗಾತ್ರದ ಹಿತ್ತಾಳೆ ಬೀಗ ಜಡಿದ. ನನಗೆ ಸಂತೋಷ ತಡೆಯಲಿಲ್ಲ.

"ಒಳ್ಳೇ ಕೆಲಸ ಮಾಡ್ದೆ ಕಣಪ್ಪ! ಕಳ್ಳರ ಕಾಟ ಜಾಸ್ತಿ ಆಗೈತೆ."

ಅವನು ಒಂದು ಕೀ ಮಮತನ ಕೈಗೆ ಕೊಟ್ಟ. ಇನ್ನೊಂದನ್ನ ಬೈರೇಶನಿಗೆ ಅಂತ ಜೇಬಿಗೆ ಹಾಕಿಕೊಂಡ. ನಾನು ಅಂಗೈ ಚಾಚಿಕೊಂಡು ನಿಂತೇ ಇದ್ದೆ.

"ನಂಗೆಲ್ಲೋ?"

"ಕೀ ಅವರಿಬ್ಬರಿಗೆ ಕಣಮ್ಮ," ಅಂದ ಮುನಿರಾಜ. "ಬೀಗ ನಿಂಗೆ!"