ಇದ್ದಿಲ ಗೀಟಿನ ರಮ್ ಸವರ್

ಅಳತೆ ತಪ್ಪದಿದ್ದರೆ ಮೂಗಿನ ಹಂಗೇ ಬೇಡ ಎಂದು ಹಾನುಬಾಳಿನ ದೇವೇಂದ್ರ ಆ ಭಾನುವಾರ ತೀರ್ಮಾನಿಸಿದ. ಬೇರೆ ಯಾರಾದರೂ ಹೀಗಂದಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ದೇವೇಂದ್ರನ ಮನೆಯಲ್ಲಿ ಅನ್ನ ಬೇಯುತ್ತಿದ್ದದ್ದೇ ಮೂಗಿನಿಂದ. ಕಾಫಿ ಮೂಟೆಗೆ ಮೂಗು ತಗುಲಿಸಿ, ಇದು ಕಣದಲ್ಲಿ ನೆನೆದದ್ದು, ಇದು ಬೂಷ್ಟು ಹಿಡಿದದ್ದು ಎಂದು ಹೇಳಿಬಿಡುತ್ತಿದ್ದ. ಪಾಸಾದ ಮೂಟೆಗೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದ. ಮೂರು ಹೋಬಳಿಯಲ್ಲಿ ಆ ಗೀಟಿಗೆ ಎದುರು ಮಾತಿರಲಿಲ್ಲ. ಹೋದ ತಿಂಗಳು ಬಂದ ಜ್ವರ ಹೋಗುವಾಗ ಅವನ ವಾಸನೆ ಹಿಡಿಯುವ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೆಂಡತಿ ಹೇಮಶ್ರೀಗೂ ಹೇಳದೆ ಅವನು ಅಂದಾಜಿನ ಮೇಲೆ ಗೀಟು ಎಳೆಯುತ್ತಿದ್ದ.

ಈಗ ಹೆತ್ತೂರಿನ ಕಾಫಿ ವ್ಯಾಪಾರಿ ರಾಮಯ್ಯ, ತನ್ನ ಸ್ಟೋರಿಗೆ ಬರುವ ಕಾಫಿಯನ್ನೆಲ್ಲ ಮೂಸಿ ನೋಡುವ ಕೆಲಸ ಅವನಿಗೆ ಕೊಡುವ ಮಾತಿಗೆಂದು ಮಧ್ಯಾಹ್ನ ಮನೆಗೆ ಬರುವವನಿದ್ದ. ಬರೀ ರಮ್ಮು ಕೊಟ್ಟರೆ ಎಲ್ಲರ ಮನೆಯಂತಾಯಿತು. ಯಾವುದೋ ಹೋಂಸ್ಟೇಯಲ್ಲಿ ಕುಡಿದ ರಮ್ ಸವರ್ ಎಂಬ ಹುಳಿ ಕಾಕ್‌ಟೇಲನ್ನು ರಾಮಯ್ಯ ಸಂತೆಯಲ್ಲಿ ಹೊಗಳಿದ್ದ. ಫೋನಿನಲ್ಲಿ ಅಳತೆ ಸಿಕ್ಕಿತು: ರಮ್ಮು ಎರಡು ಪಾಲು, ನಿಂಬೆರಸ ಒಂದು, ಸಕ್ಕರೆ ಪಾಕ ಮುಕ್ಕಾಲು, ನೊರೆಗೆ ಮೊಟ್ಟೆಯ ಬಿಳಿ.

ಹೇಮಶ್ರೀ ಬೆಳಗೋಡಿಗೆ ಹೋಗಿದ್ದಳು. ಅಡುಗೆಮನೆಯಲ್ಲಿ ಎರಡು ಬುಟ್ಟಿ ಮೊಟ್ಟೆ. ಒಂದು ಬುಟ್ಟಿಯವು ಬೋಳು. ಇನ್ನೊಂದರಲ್ಲಿದ್ದ ಮೂರರ ಮೇಲೂ ಇದ್ದಿಲಿನ ಗೀಟು. ಇಷ್ಟು ವರ್ಷ ನನ್ನ ಜೊತೆ ಬಾಳಿ ಇವಳೂ ಮಾಲು ಆರಿಸುವುದು ಕಲಿತಳಲ್ಲ ಎಂದು ಹೆಮ್ಮೆಪಡುತ್ತಾ ಗೀಟಿನವನ್ನೇ ಎರಡು ಒಡೆದ. ಹಳದಿ, ಬಿಳಿ ಒಂದಾಗಿ ನೀರಿನಂತೆ ಸುರಿಯಿತು. ನಾಟಿ ಮೊಟ್ಟೆ ಹೀಗೇ ಇರಬೇಕು ಎಂದುಕೊಂಡು ಉಪ್ಪಿನಕಾಯಿ ಜಾಡಿಗೆ ಎಲ್ಲವನ್ನೂ ಹಾಕಿ, ಭುಜ ನೋಯುವ ತನಕ ಕುಲುಕಿದ. ನೊರೆಯಂತೂ ಭರ್ಜರಿಯಾಗಿ ಬಂತು.

ರಾಮಯ್ಯ ಗ್ಲಾಸನ್ನು ಮೂಗಿನ ಹತ್ತಿರ ತಂದವನು ಹಾಗೇ ನಿಲ್ಲಿಸಿದ.

“ಏನು ಮಾರಾಯ ಇದು?”

“ರಮ್ ಸವರ್ ಕಣ್ರೀ. ವಾಸನೆ ನೋಡಿ, ಹೆಂಗೆ ಮೇಲಕ್ಕೆ ಏಳ್ತೈತೆ.”

“ಏಳ್ತೈತೆ,” ಎಂದು ಒಪ್ಪಿಕೊಂಡ ರಾಮಯ್ಯ, ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡ. “ನೀನು ಕುಡಿ ನೋಡಾನ.”

ದೇವೇಂದ್ರ ಅರ್ಧ ಗ್ಲಾಸು ಇಳಿಸಿ ತುಟಿ ಸವರಿಕೊಂಡ. “ನಿಂಬೆಹಣ್ಣಿನ ಘಮ ಒಂದೇ ಸಾಕು ಬಿಡಿ.”

ರಾಮಯ್ಯ ಪರೀಕ್ಷೆಗೆಂದು ತಂದಿದ್ದ ಕಾಫಿ ಬೀಜದ ಪೊಟ್ಟಣವನ್ನು ಆಗಲೇ ಹೊರಗೆ ತೆಗೆದಿದ್ದ. ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಬೆಳಗೋಡಿನಿಂದ ವಾಪಸಾದ ಹೇಮಶ್ರೀ ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿ ನಿಂತಳು. “ಅಯ್ಯೋ, ಗೀಟಿನ ಮೊಟ್ಟೆ ಒಡೆದ್ರಾ? ಕೋಳಿ ಕಾವಿಗೆ ಇಡೋವಾಗ ಗುರುತಿಗೆ ಹಾಕಿದ್ದು ಕಣ್ರೀ ಅದು. ಮರಿಯಾಗ್ದೆ ಕೊಳೆತವು. ಕರಿಬೇವಿನ ಬುಡಕ್ಕೆ ಹೂಳಾನ ಅಂತ ಇಟ್ಟಿದ್ದೆ.”

“ಸ್ಟೋರಿನ ವಿಷ್ಯ ಆಮೇಲೆ ಮಾತಾಡಾನ,” ಎಂದು ರಾಮಯ್ಯ ಎದ್ದ. ಅವನ ಜೀಪಿನ ಸದ್ದು ಇಳಿಜಾರಿನಲ್ಲಿ ಕರಗಿದ ಮೇಲೆ ದೇವೇಂದ್ರ ಹೆಂಡತಿಯ ಕಡೆ ತಿರುಗಿದ.

“ನಿಂಗೂ ಹೇಳಿರ್ಲಿಲ್ಲ ಕಣೇ. ಜ್ವರ ಬಂದಾಗಿಂದ ಈ ಮೂಗು...”

“ಗೊತ್ತೈತೆ ಬಿಡಿ.”

“ಹೆಂಗೆ?”

ಹೇಮಶ್ರೀ ಅವನ ಕೈಯಿಂದ ಗ್ಲಾಸು ಬಿಡಿಸಿಕೊಂಡಳು. “ಮನೇಲಿ ಇಂಗು ಮುಗ್ದು ಹದಿನೈದು ದಿನ ಆಯ್ತು. ನೀವು ದಿನಾ ಸಾರು ಕಲಸ್ಕಂಡು, ಇವತ್ತು ಇಂಗು ಬಲೇ ಹದವಾಗೈತೆ ಕಣೇ ಅಂತೀರ.”